ಗೂಟಿಗೆ ಯಾವುದು ಒಳ್ಳೇದು: ಸ್ಫ್ಯಾಗ್ನಮ್ ಪಾಚಿನಾ, ಕೋಕೋಪೀಟಾ?

ಗೂಟಿ ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದು, ಕೋಕೋಪೀಟ್ ಅಂದರೆ ತೆಂಗಿನ ಸಿಪ್ಪೆಯ ಪುಡಿ. ಒಂದೇ ನಿಂಬೆ ಗಿಡದ ಅಕ್ಕಪಕ್ಕದ ಕೊಂಬೆಗಳಿಗೆ ಎರಡನ್ನೂ ಕಟ್ಟಿ ನೋಡಿದ್ದೇನೆ, ಆರ್ಕಿಡ್ ಕುಂಡದಲ್ಲೂ ಹಾಕಿ ನೋಡಿದ್ದೇನೆ. ಗೂಟಿಗಾದರೆ ಕಣ್ಣುಮುಚ್ಚಿ ಸ್ಫ್ಯಾಗ್ನಮ್ ತಗೊಳ್ಳಿ. ಉಳಿದ ಕೆಲಸಕ್ಕೆ ಸ್ವಲ್ಪ ಯೋಚಿಸಬೇಕು.

ಈ ಪಾಚಿ ಬೆಳೆಯುವುದು ತಂಪು ಪ್ರದೇಶದ ಜೌಗು ನೆಲದಲ್ಲಿ. ಬೇರು ಅಂತ ಇಲ್ಲವೇ ಇಲ್ಲ. ಎಲೆಯಲ್ಲಿ ಸತ್ತ, ಟೊಳ್ಳಾದ ಕೋಶಗಳಿವೆ, ಅವಕ್ಕೆ ಸಣ್ಣ ಸಣ್ಣ ತೂತುಗಳು, ನೀರು ತುಂಬಿಕೊಳ್ಳುವುದು ಅಲ್ಲೇ. ಒಣ ತೂಕದ 15–20 ಪಟ್ಟು ನೀರು ಹಿಡಿಯುತ್ತದೆ. ಮೊದಲ ಮಹಾಯುದ್ಧದಲ್ಲಿ ಹತ್ತಿ ಸಾಲದಾದಾಗ ಸೈನಿಕರ ಗಾಯಕ್ಕೆ ಇದನ್ನೇ ಇಟ್ಟು ಕಟ್ಟುತ್ತಿದ್ದರು.

ಗೂಟಿ ಕಟ್ಟುವಾಗ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ತೊಗಟೆಯನ್ನು ಉಂಗುರದ ಹಾಗೆ ಸುಲಿದು, ನೆನೆಸಿ ಹಿಂಡಿದ ಪಾಚಿಯನ್ನು ಒಂದು ಹಿಡಿ ಸುತ್ತಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಹಾಗೇ ನಿಲ್ಲುತ್ತವೆ, ನಾವು ನಿಧಾನವಾಗಿ ಪ್ಲಾಸ್ಟಿಕ್ ಸುತ್ತಬಹುದು. ಕೋಕೋಪೀಟ್ ಪುಡಿ ಬೆರಳ ಸಂದಿಯಿಂದ ಉದುರುತ್ತದೆ. ಕಟ್ಟಿದ ಮೇಲೂ ಮೆಲ್ಲಗೆ ಕೆಳಗೆ ಕೂತುಬಿಡುತ್ತದೆ. ಬೇರು ಬರುವುದು ಸುಲಿದ ಜಾಗದ ಮೇಲಿನ ಅಂಚಿನಲ್ಲಿ ಅಲ್ವಾ, ಅಲ್ಲೇ ಖಾಲಿಯಾದರೆ ಏನು ಪ್ರಯೋಜನ? ಪಾಚಿಯಲ್ಲಿ ಇನ್ನೊಂದು ಅನುಕೂಲ: ಒಣಗಿದರೆ ಬಣ್ಣ ಬಿಳಚಿಕೊಳ್ಳುತ್ತದೆ, ಪ್ಲಾಸ್ಟಿಕ್ ಹೊರಗಿನಿಂದಲೇ ಕಾಣುತ್ತದೆ.

ಆರ್ಕಿಡ್‌ಗೆ ಬಂದರೆ ಪಾಚಿಯ ನೀರು ಹಿಡಿಯುವ ಗುಣವೇ ತಿರುಗಿಬೀಳುತ್ತದೆ. ಒತ್ತಿ ತುಂಬಿದರೆ ಮೇಲೆ ಗರಿಗರಿ, ನಡುವೆ ಹಸಿ. ಮೇಲೆ ಮುಟ್ಟಿ ನೋಡಿ ನೀರು ಹಾಕುವವರ ಗಿಡದ ಬೇರು ಕೊಳೆಯುವುದು ಹೀಗೇ. ಸಡಿಲವಾಗಿ ತುಂಬಿ, ಒಂದೆರಡು ವರ್ಷದಲ್ಲಿ ಮೆತ್ತಗಾಗುವ ಮೊದಲೇ ಬದಲಾಯಿಸಿ. ನೀರು ಜಾಸ್ತಿ ಹಾಕುವ ಕೈ ನಿಮ್ಮದಾದರೆ ತೆಂಗಿನ ಸಿಪ್ಪೆಯ ತುಂಡೇ ವಾಸಿ. ಪುಡಿ ಮಾತ್ರ ಬೇಡ, ಗಾಳಿ ಆಡುವುದಿಲ್ಲ.

ಬೀಜದ ಟ್ರೇಗೆ ಕೋಕೋಪೀಟ್ ಸಾಕು. ಉಪ್ಪಿನಂಶ ಹೋಗುವ ಹಾಗೆ ಮೊದಲು ಚೆನ್ನಾಗಿ ತೊಳೆಯಿರಿ. ನಿಧಾನವಾಗಿ ಬೆಳೆಯುವ ಪಾಚಿಯನ್ನು ಸುಮ್ನೆ ಟ್ರೇಗೆಲ್ಲ ಸುರಿಯುವುದು ದಂಡ. ಅಂದಹಾಗೆ, ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಇಲ್ಲದೆ ಪಾಚಿ ಮುಟ್ಟಬೇಡಿ. ಅದರಲ್ಲಿರಬಹುದಾದ ಸ್ಪೊರೊಥ್ರಿಕ್ಸ್ ಶಿಲೀಂಧ್ರ ಚರ್ಮಕ್ಕೆ ಸೋಂಕು ತರುತ್ತದೆ.

ಜೀವಂತ ಪಾಚಿ ಸಿಕ್ಕರೆ ಬೆಳೆಸಿಯೂ ನೋಡಬಹುದು. ಹಸಿರು ತುದಿಗಳನ್ನು ಒದ್ದೆ ಟ್ರೇಯಲ್ಲಿ ಹರಡಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿಡಿ. ನೀರು ಮಳೆಯದೋ ಡಿಸ್ಟಿಲ್ಡೋ ಆಗಿರಲಿ, ಸುಣ್ಣದ ಅಂಶ ಇರುವ ಗಡಸು ನೀರು ಇದಕ್ಕೆ ವಿಷ. ಬೆಳೆಯುವುದು ತುದಿ ಮಾತ್ರ, ಬುಡ ಕಂದಾಗುತ್ತಾ ಸಾಯುತ್ತದೆ, ಅದನ್ನು ನೋಡಿ ಕಿತ್ತೆಸೆಯಬೇಡಿ.