ಟ್ಯೂನಿಂಗ್‌ನಿಂದ ಸರಿಹೋಗದ ಗಿಂಬಲ್: ಡ್ರೋನ್ ಕ್ಯಾಮೆರಾ ಟರೆಟ್ ಕಟ್ಟಲು ಹೊರಟವರಿಗೆ ಎಚ್ಚರಿಕೆ

ವಿದ್ಯುತ್ ಮಾರ್ಗದ ಗೋಪುರಗಳಲ್ಲಿ ಬಿರುಕುಬಿಟ್ಟ ಪಿಂಗಾಣಿ ಇನ್ಸುಲೇಟರ್‌ಗಳನ್ನು ದೂರದಿಂದಲೇ ಗುರುತಿಸಬಲ್ಲ ಒಂದು ಜೂಮ್ ಕ್ಯಾಮೆರಾವನ್ನು, ಸುಲಿದ ತೆಂಗಿನಕಾಯಿಗಿಂತ ಕೊಂಚ ದೊಡ್ಡದಾದ ಗೋಳದೊಳಗೆ ಕೂರಿಸಿ, ಡ್ರೋನ್‌ನ ಹೊಟ್ಟೆಗೆ ತೂಗುಹಾಕುವುದು ನಮ್ಮ ಯೋಜನೆಯಾಗಿತ್ತು. ಆ ಗೋಳವೇ ಟರೆಟ್. ಡ್ರೋನ್ ಅಲುಗಿದರೂ ಕ್ಯಾಮೆರಾವನ್ನು ಮೋಟಾರುಗಳಿಂದ ತಿರುಗಿಸಿ ಸ್ಥಿರವಾಗಿ ಹಿಡಿಯುವ ಅದರೊಳಗಿನ ಚೌಕಟ್ಟು ಗಿಂಬಲ್. ನಾವು ಮೂವರು ಬೆಂಗಳೂರಿನ ಎಂಜಿನಿಯರ್‌ಗಳು. ಎಂಟು ತಿಂಗಳು ಮತ್ತು ಮೂರು ಲಕ್ಷಕ್ಕೂ ಮಿಕ್ಕ ಹಣವನ್ನು ಕಳೆದುಕೊಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ. ಯಾಂತ್ರಿಕ ದೋಷವನ್ನು ಸಾಫ್ಟ್‌ವೇರ್ ಟ್ಯೂನಿಂಗ್‌ನಿಂದ, ಅಂದರೆ ಮೋಟಾರುಗಳನ್ನು ನಡೆಸುವ ಅಂಕಿಗಳನ್ನು ತಿದ್ದುವುದರಿಂದ, ಮುಚ್ಚಿಹಾಕಬಹುದೆಂದು ನಂಬಿದ್ದೇ ನಾವು ಮಾಡಿದ ತಪ್ಪು. ಉಳಿದ ನಷ್ಟಗಳೆಲ್ಲ ಅದರ ಬೆನ್ನಿಗೇ ಬಂದವು.

ಮೊದಲು ಒಂದು ಲೆಕ್ಕ. 30 ಪಟ್ಟು ಜೂಮ್ ಇರುವ ನಮ್ಮ ಕ್ಯಾಮೆರಾ, ಜೂಮನ್ನು ಪೂರ್ತಿ ಎಳೆದಾಗ, ಅಡ್ಡಕ್ಕೆ ಕೇವಲ 2.3 ಡಿಗ್ರಿಯಷ್ಟು ನೋಟವನ್ನು ಹಿಡಿಯುತ್ತದೆ. ಅದನ್ನು 1920 ಪಿಕ್ಸೆಲ್‌ಗಳಿಗೆ ಹಂಚಿದರೆ ಒಂದು ಪಿಕ್ಸೆಲ್ ಪಾಲಿಗೆ ಬರುವುದು ಸುಮಾರು 0.0012 ಡಿಗ್ರಿ. ಅಂದರೆ ಕಣ್ಣಿಗೆ ಕಾಣದ 0.1 ಡಿಗ್ರಿಯ ನಡುಕಕ್ಕೂ ಚಿತ್ರ ಎಂಬತ್ತಕ್ಕೂ ಹೆಚ್ಚು ಪಿಕ್ಸೆಲ್ ಅಲುಗುತ್ತದೆ. ಮೇಜಿನ ಮೇಲೆ, ಜೂಮ್ ಇಲ್ಲದೆ ತೆಗೆದ ವಿಡಿಯೊ ನೋಡಿ ನಾವು ಸಂಭ್ರಮಪಟ್ಟಿದ್ದಕ್ಕೆ ಈ ಲೆಕ್ಕವನ್ನು ಮಾಡದೇ ಇದ್ದದ್ದೇ ಕಾರಣ.

ಕ್ಯಾಮೆರಾವನ್ನು ಹಿಡಿಯುವ ಎರಡು ತೋಳಿನ ಯೋಕನ್ನು ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ಅಲ್ಯೂಮಿನಿಯಂನಲ್ಲಿ ಮಾಡಿಸಿದೆವು. ಎದುರುಬದುರಿನ ಎರಡು ತೋಳುಗಳ ಬೋರ್‌ಗಳು, ಅಂದರೆ ಬೇರಿಂಗ್ ಕೂರುವ ರಂಧ್ರಗಳು, ಒಂದೇ ರೇಖೆಯಲ್ಲಿರಬೇಕೆಂದು ಡ್ರಾಯಿಂಗ್‌ನಲ್ಲಿ ಬರೆದಿದ್ದೆವು. ಆದರೆ ಎರಡನ್ನೂ ಒಂದೇ ಸೆಟ್ಟಿಂಗ್‌ನಲ್ಲಿ, ಅಂದರೆ ನಡುವೆ ಯಂತ್ರದಿಂದ ಬಿಚ್ಚದೆ, ಕೊರೆಯಬೇಕೆಂದು ಹೇಳಿರಲಿಲ್ಲ, ಅವರು ಕೊರೆದೂ ಇರಲಿಲ್ಲ. ಶಾಫ್ಟ್ ಹಾಕಿ ಸ್ಕ್ರೂಗಳನ್ನು ಬಿಗಿಮಾಡುತ್ತಿದ್ದಂತೆ, ಅಲ್ಲಿಯವರೆಗೆ ಬೆರಳ ತುದಿಯಿಂದ ಸಲೀಸಾಗಿ ತಿರುಗುತ್ತಿದ್ದದ್ದು ಒಂದು ಕಡೆ ಕಚ್ಚಿಕೊಂಡು ಮತ್ತೊಂದು ಕಡೆ ಸಡಿಲವಾಗತೊಡಗಿತು. ಕೇಳಿದಾಗ, "ಏನೂ ಆಗಲ್ಲ ಸಾರ್, ಓಡ್ತಾ ಓಡ್ತಾ ಫ್ರೀ ಆಗುತ್ತೆ" ಎಂಬ ಉತ್ತರ ಬಂತು. ಪೂರ್ತಿ ಹಣವನ್ನು ಮೊದಲೇ ಕೊಟ್ಟಿದ್ದೆವಾದ್ದರಿಂದ ಜಗಳಕ್ಕೆ ಬಲವಿರಲಿಲ್ಲ, ಉತ್ತರವನ್ನು ನಂಬಿದ್ದು ಮಾತ್ರ ನಮ್ಮದೇ ಮೂರ್ಖತನ. ನೀರೆತ್ತುವ ಪಂಪಿಗೆ ಆ ಮಾತು ಒಪ್ಪೀತು. ಪಿಕ್ಸೆಲ್ ಲೆಕ್ಕದಲ್ಲಿ ನಿಧಾನವಾಗಿ ಚಲಿಸಬೇಕಾದ ಗಿಂಬಲ್‌ಗೆ ಆ ಕಚ್ಚಿಕೊಳ್ಳುವಿಕೆಯೇ ಶತ್ರು. ಮೋಟಾರು ಅಂಟಿಕೊಂಡಂತೆ ನಿಂತು, ಬಲ ಹೆಚ್ಚಾದಾಗ ತಟ್ಟನೆ ಜಿಗಿಯುತ್ತದೆ, ಚಿತ್ರವೂ ಹಾಗೆಯೇ ಜಿಗಿಯುತ್ತದೆ.

ಎರಡನೆಯದು ಸಮತೋಲನ. ಮೋಟಾರುಗಳಿಗೆ ವಿದ್ಯುತ್ ಕೊಡದೆ, ಕ್ಯಾಮೆರಾವನ್ನು ಯಾವ ಕೋನದಲ್ಲಿ ಬಿಟ್ಟರೂ ಅದು ಅಲ್ಲೇ ನಿಲ್ಲಬೇಕು. ಜೂಮ್ ಇಲ್ಲದ ಸ್ಥಿತಿಯಲ್ಲಿ ಹಾಗೆ ನಿಲ್ಲುತ್ತಿದ್ದ ನಮ್ಮ ಕ್ಯಾಮೆರಾ, ಪೂರ್ತಿ ಜೂಮ್‌ನಲ್ಲಿ ಒಳಗಿನ ಮಸೂರಗಳು ಸರಿದ ಕೂಡಲೇ ನಿಧಾನವಾಗಿ ಮೂತಿ ತಗ್ಗಿಸಿತು. ಇದು ಬರೀ ಮೋಟಾರಿನ ಮೇಲೆ ಬೀಳುವ ಹೊರೆಯ ಪ್ರಶ್ನೆಯಲ್ಲ. ಗುರುತ್ವ ಕೇಂದ್ರ ಅಕ್ಷದಿಂದ ಆಚೆ ಇದ್ದಾಗ ಡ್ರೋನ್‌ನ ಪ್ರತಿಯೊಂದು ಅದುರೂ ಕ್ಯಾಮೆರಾವನ್ನು ತಿರುಗಿಸುವ ಬಲವಾಗಿ ಮಾರ್ಪಡುತ್ತದೆ. ನಿಮಿಷಕ್ಕೆ 5000 ಸುತ್ತು ತಿರುಗುವ ಪ್ರೊಪೆಲ್ಲರ್‌ನಿಂದ ಸೆಕೆಂಡಿಗೆ ಸುಮಾರು 83 ಕಂಪನಗಳು ಬರುತ್ತವೆ. ಅಷ್ಟು ವೇಗದ ಅದುರನ್ನು ಮೋಟಾರುಗಳನ್ನು ನಡೆಸುವ ನಮ್ಮ ಕಂಟ್ರೋಲರ್ ಹಿಂದಟ್ಟಿ ತಿದ್ದಲಾರದು, ಅದನ್ನು ತಡೆಯಬೇಕಾದದ್ದು ರಬ್ಬರ್ ಡ್ಯಾಂಪರ್‌ಗಳು ಮತ್ತು ಸಮತೋಲನ.

ಇಷ್ಟು ತಿಳಿಯುವ ಮೊದಲು ನಾವು ಮಾಡಿದ್ದು ಹೀಗೆ. ಚಿತ್ರ ನಡುಗಿದಾಗಲೆಲ್ಲ ಸಾಫ್ಟ್‌ವೇರ್‌ನಲ್ಲಿ ಮೋಟಾರಿನ ಪವರ್ ಮತ್ತು ಗೇನ್ (ತಪ್ಪನ್ನು ಎಷ್ಟು ಜೋರಾಗಿ ತಿದ್ದಬೇಕೆಂಬ ಅಂಕಿ) ಹೆಚ್ಚಿಸುತ್ತ ಹೋದೆವು. ಎಷ್ಟು ತಿರುಗಿದೆ ಎಂದು ಅಳೆಯುವ ಎನ್‌ಕೋಡರ್ ಇಲ್ಲದ ಗಿಂಬಲ್ ಮೋಟಾರು ಸುಮ್ಮನೆ ನಿಂತಾಗಲೂ ನಾವು ನಿಗದಿಪಡಿಸಿದಷ್ಟು ಕರೆಂಟನ್ನು ಎಳೆಯುತ್ತಲೇ ಇರುತ್ತದೆ, ಹಾಗಾಗಿ ಕೈ ಇಡಲಾಗದಷ್ಟು ಬಿಸಿಯಾಯಿತು. ಮೋಟಾರು ಕೂರಿಸಿದ್ದ ಬ್ರ್ಯಾಕೆಟ್ ಪಿಎಲ್‌ಎಯಲ್ಲಿ ತ್ರೀಡಿ ಪ್ರಿಂಟ್ ಮಾಡಿದ್ದು. ಆ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಶಿರಾ ಕಡೆಯ ಒಂದು ಬಯಲಿನಲ್ಲಿ, ಗ್ರಾಹಕರ ಎದುರಿಗೇ, ಹಾರಾಟದ ಹತ್ತನೆಯ ನಿಮಿಷಕ್ಕೆ ಚಿತ್ರ ವಾಲಿಕೊಂಡಿತು. ಇಳಿಸಿ ನೋಡಿದರೆ ಬ್ರ್ಯಾಕೆಟ್ ಬಾಗಿ, ಮೋಟಾರು ಓರೆಯಾಗಿ, ಗೋಳದ ಅಂಚನ್ನು ಉಜ್ಜುತ್ತಿತ್ತು. ಗ್ರಾಹಕರು ಒಂದು ಮಾತೂ ಬೈಯಲಿಲ್ಲ. ಮತ್ತೆ ಕರೆಯಲೂ ಇಲ್ಲ.

ಎನ್‌ಕೋಡರ್ ಹಾಕಿದರೆ ಸರಿಹೋದೀತೆಂದು ಆಮೇಲೆ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಿರುವ ಎಸ್‌.ಪಿ. ರಸ್ತೆಗೆ ಹೋಗಿ, ಅಳತೆಯನ್ನಷ್ಟೇ ನೋಡಿ ಬಿಲ್ಲೆ ಮ್ಯಾಗ್ನೆಟ್‌ಗಳನ್ನು ತಂದೆವು. ಶಾಫ್ಟ್‌ನ ಜೊತೆ ತಿರುಗುವ ಮ್ಯಾಗ್ನೆಟ್‌ನಿಂದ ಕೋನವನ್ನು ಅಳೆಯುವ ಎನ್‌ಕೋಡರ್ ಚಿಪ್‌ಗೆ ಬೇಕಾದದ್ದು ಉತ್ತರ ಮತ್ತು ದಕ್ಷಿಣ ಧ್ರುವಗಳು ವ್ಯಾಸದ ಎರಡು ಬದಿಗಿರುವ ಮ್ಯಾಗ್ನೆಟ್. ನಾವು ತಂದವುಗಳಲ್ಲಿ ಧ್ರುವಗಳು ಮೇಲೆ ಕೆಳಗೆ ಇದ್ದವು. ಎರಡು ವಾರ ಕೋಡ್‌ನಲ್ಲಿ ತಪ್ಪು ಹುಡುಕಿದೆವು. ಸರಿಯಾದ ಮ್ಯಾಗ್ನೆಟ್ ಬಂದ ಮೇಲೂ ಒಂದು ಸುತ್ತನ್ನು 4096 ಹೆಜ್ಜೆಗಳಾಗಿ ಒಡೆಯುವ 12 ಬಿಟ್ ಎನ್‌ಕೋಡರ್‌ನ ಒಂದು ಹೆಜ್ಜೆ 0.088 ಡಿಗ್ರಿ, ಅಂದರೆ ಪೂರ್ತಿ ಜೂಮ್‌ನಲ್ಲಿ 73 ಪಿಕ್ಸೆಲ್. ಮೋಟಾರನ್ನು ಅಳತೆಯಿಂದ ನಡೆಸಲು, ಬಿಸಿಯನ್ನು ತಗ್ಗಿಸಲು ಎನ್‌ಕೋಡರ್ ಬೇಕು ನಿಜ. ಆದರೆ ಚಿತ್ರವನ್ನು ಸ್ಥಿರವಾಗಿ ಹಿಡಿಯುವ ಕೆಲಸ ಕ್ಯಾಮೆರಾದ ಜೊತೆಗೇ ತಿರುಗುತ್ತ, ತಿರುಗುವ ವೇಗವನ್ನು ಅಳೆಯುವ ಜೈರೋ ಸೆನ್ಸರ್‌ನದ್ದು.

ಆದ್ದರಿಂದ ಯೋಕ್ ಕೈಗೆ ಬಂದ ದಿನವೇ, ಉಳಿದ ಹಣ ಕೊಡುವ ಮೊದಲು, ವರ್ಕ್‌ಶಾಪ್‌ನಲ್ಲೇ ಬೇರಿಂಗ್ ಮತ್ತು ಶಾಫ್ಟ್ ಹಾಕಿ, ಸ್ಕ್ರೂಗಳನ್ನು ಪೂರ್ತಿ ಬಿಗಿಮಾಡಿ, ಕೈಯಿಂದ ತಿರುಗಿಸಿ ನೋಡಿ. ಸಮತೋಲನವನ್ನು ನೀವು ಹೆಚ್ಚಾಗಿ ಬಳಸುವ ಜೂಮ್‌ನಲ್ಲಿ, ಕೇಬಲ್‌ಗಳನ್ನೆಲ್ಲ ಜೋಡಿಸಿದ ಮೇಲೆ ಮಾಡಿ. ದಪ್ಪ ವಿಡಿಯೊ ಕೇಬಲ್ ಸ್ಪ್ರಿಂಗ್‌ನಂತೆ ಕ್ಯಾಮೆರಾವನ್ನು ಎಳೆಯುತ್ತಿರುತ್ತದೆ. ಮೋಟಾರಿನ ಬಳಿ ಪಿಎಲ್‌ಎ ಬೇಡವೇ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಈ ಎರಡು ಪರೀಕ್ಷೆಗಳು ಮುಗಿಯುವವರೆಗೆ ಟ್ಯೂನಿಂಗ್ ಸಾಫ್ಟ್‌ವೇರನ್ನು ತೆರೆಯಬೇಡಿ.

ಎರಡನೆಯ ಗೋಳ ಈಗ ತಯಾರಾಗುತ್ತಿದೆ. ಅದಕ್ಕೆ ಸ್ಲಿಪ್ ರಿಂಗ್ (ವೈರು ಸುತ್ತಿಕೊಳ್ಳದೆ ಎಷ್ಟು ಸುತ್ತು ಬೇಕಾದರೂ ತಿರುಗಲು ಬಿಡುವ ವಿದ್ಯುತ್ ಕೊಂಡಿ) ಹಾಕುತ್ತಿಲ್ಲ. ಸುತ್ತುವುದನ್ನು ಎರಡೂ ಬದಿಗೆ 170 ಡಿಗ್ರಿಗೆ ನಿಲ್ಲಿಸಿ, ತೆಳುವಾದ ಸಿಲಿಕೋನ್ ವೈರುಗಳಿಗೆ ಒಂದು ಸಡಿಲ ಸುರುಳಿ ಬಿಟ್ಟಿದ್ದೇವೆ. ಗೋಪುರಗಳನ್ನು ನೋಡಲು ಅಷ್ಟು ಸಾಕು.