ತಂತಿ ತಲುಪದ ಮನೆಗೆ ಆಕಾಶದ ಫೋನು: ಕೆಳಕಕ್ಷೆಯ ಉಪಗ್ರಹ ಬ್ರಾಡ್‌ಬ್ಯಾಂಡ್ ಸೇವೆಯ ವಿಮರ್ಶೆ

ಉಪಗ್ರಹ ಬ್ರಾಡ್‌ಬ್ಯಾಂಡ್ ಸೇವೆಗಳ ವಿಮರ್ಶೆಗಳಲ್ಲಿ ಬಹುಪಾಲು ವೇಗದ ಪರೀಕ್ಷೆಯ ಅಂಕಿಯಿಂದ ಆರಂಭವಾಗಿ ಅದರಲ್ಲೇ ಮುಗಿಯುತ್ತವೆ. ಮೊಬೈಲ್ ಸಿಗ್ನಲ್ ಚೆನ್ನಾಗಿರುವ ಕಡೆ ಎರಡನೆಯ ಸಂಪರ್ಕವೆಂದು ಉಪಗ್ರಹದ ಸಿಗ್ನಲ್ ಹಿಡಿಯುವ ತಟ್ಟೆ ಕೂರಿಸಿಕೊಂಡವರಿಗೆ ಅಷ್ಟು ಸಾಕು. ಆದರೆ ತಾಮ್ರದ ತಂತಿ ಕಿಲುಬು ಹಿಡಿದು ಸತ್ತುಹೋಗಿರುವ, ಗೋಪುರದ ಸಿಗ್ನಲ್ ಗುಡ್ಡ ದಾಟಿ ಬಾರದ ಮನೆಯವರು ಈ ಸೇವೆಯನ್ನು ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಮಳೆ ಸುರಿಯುವ ರಾತ್ರಿ, ಕರೆಂಟ್ ಹೋಗಿರುವಾಗ, ಮನೆಯಲ್ಲಿ ಯಾರಿಗಾದರೂ ಎದೆನೋವು ಕಾಣಿಸಿಕೊಂಡರೆ ಇದರಿಂದ ಒಂದು ಕರೆ ಹೋಗುತ್ತದೆಯೇ? ಅಂಥದೇ ಮನೆಯೊಂದರಲ್ಲಿ ಒಂದು ಇಡೀ ಮಳೆಗಾಲವನ್ನೂ ಅದರ ಹಿಂದುಮುಂದಿನ ತಿಂಗಳುಗಳನ್ನೂ ಈ ಸೇವೆಯನ್ನು ನೆಚ್ಚಿಕೊಂಡು ಕಳೆದಿದ್ದೇನೆ. ಬ್ರಾಡ್‌ಬ್ಯಾಂಡ್ ಎಂದು ನೋಡಿದರೆ ಧಾರಾಳವಾಗಿ ಅಂಕ ಕೊಡುತ್ತೇನೆ. ದೂರವಾಣಿಯೆಂದು ನೋಡಿದರೆ ಪಾಸು ಮಾಡಲು ಷರತ್ತುಗಳಿವೆ. ಇಲ್ಲಿ ಹೇಳುವ ಗುಣದೋಷಗಳು ಹೆಚ್ಚಿನಂಶ ತಂತ್ರಜ್ಞಾನದವೇ ಆದ್ದರಿಂದ ನಾನು ಬಳಸಿದ ಸೇವೆ ಯಾವ ಕಂಪನಿಯದೆಂದು ಹೇಳುವುದಿಲ್ಲ.

ಹಳೆಯ ಬಗೆಯ ಉಪಗ್ರಹ ಇಂಟರ್‌ನೆಟ್ ಬಳಸಿದವರು ಈ ಮಾತೆತ್ತಿದೊಡನೆ ಮೂಗು ಮುರಿಯುತ್ತಾರೆ, ಅದಕ್ಕೆ ಕಾರಣವೂ ಇದೆ. ಅದು ಬಳಸುವ ಭೂಸ್ಥಿರ ಉಪಗ್ರಹ, ಅಂದರೆ ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹ, ಇರುವುದು ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿ. ಬೆಳಕಿನ ವೇಗದಲ್ಲೇ ಸಾಗಿದರೂ ನಮ್ಮ ಮಾತು ಅಲ್ಲಿಗೆ ಏರಿ ಇಳಿಯುವಷ್ಟರಲ್ಲಿ ಸುಮಾರು 240 ಮಿಲಿಸೆಕೆಂಡ್ ಕಳೆದಿರುತ್ತದೆ. ಉತ್ತರ ಬರಲು ಮತ್ತಷ್ಟೇ ಹೊತ್ತು ಬೇಕು. ಫೋನಿನ ಮಾತುಕತೆ ಸಹಜವಾಗಿರಬೇಕಾದರೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇರಲಿ ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು. ಹೀಗಾಗಿ ಕರೆಯ ಮಟ್ಟಿಗೆ ಭೂಸ್ಥಿರ ಸೇವೆ ಹೊರಡುವ ಮೊದಲೇ ಹಿಂದೆ ಬಿದ್ದಿರುತ್ತದೆ: ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ, ಇಬ್ಬರೂ ನಿಲ್ಲಿಸುತ್ತಾರೆ, "ನೀವು ಹೇಳಿ", "ಇಲ್ಲ, ನೀವೇ ಹೇಳಿ" ಎನ್ನುವುದರಲ್ಲೇ ಅರ್ಧ ಕರೆ ಮುಗಿಯುತ್ತದೆ. ಭೂಮಿಗೆ ಹತ್ತಿರದ ಕೆಳಕಕ್ಷೆಯನ್ನು ಬಳಸುವ ಸ್ಟಾರ್‌ಲಿಂಕ್ ಸೇವೆ 2019ರ ಮೇ ತಿಂಗಳಲ್ಲಿ 60 ಉಪಗ್ರಹಗಳ ಕಂತನ್ನು ಹಾರಿಸಿದ ಮೇಲೆ ಲೆಕ್ಕಾಚಾರ ಬದಲಾಯಿತು. ಅದರ ಉಪಗ್ರಹಗಳು ಸುತ್ತುವುದು ಸುಮಾರು 550 ಕಿ.ಮೀ. ಎತ್ತರದಲ್ಲಿ, ಅಂಥದೇ ಇನ್ನೊಂದು ಸೇವೆಯಾದ ಒನ್‌ವೆಬ್‌ನವು ಸುಮಾರು 1,200 ಕಿ.ಮೀ. ಎತ್ತರದಲ್ಲಿ. ನೆತ್ತಿಯ ಮೇಲಿನ 550 ಕಿ.ಮೀ. ಏರಿ ಇಳಿಯಲು ನಾಲ್ಕು ಮಿಲಿಸೆಕೆಂಡೂ ಬೇಡ. ಉಳಿದ ವಿಳಂಬವೆಲ್ಲ ನೆಲದ ಜಾಲದ್ದು ಮತ್ತು ಸರದಿ ಕಾಯುವುದರದ್ದು. ನನ್ನಲ್ಲಿ ಹೋಗಿಬರುವ ಒಟ್ಟು ವಿಳಂಬ ಸಾಮಾನ್ಯವಾಗಿ 30ರಿಂದ 60 ಮಿಲಿಸೆಕೆಂಡ್ ನಡುವೆ ಇರುತ್ತದೆ. ಕರೆಯ ಆ ಕಡೆ ಇರುವವರಿಗೆ ನಾನು ಉಪಗ್ರಹದ ಮೂಲಕ ಮಾತಾಡುತ್ತಿದ್ದೇನೆ ಎಂಬುದು ಹೇಳಿದರಷ್ಟೇ ಗೊತ್ತಾಗುತ್ತದೆ.

ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಗಲಿನಲ್ಲಿ ನೂರು ಮೆಗಾಬಿಟ್ ಆಸುಪಾಸು, ಸಂಜೆ ಎಲ್ಲರೂ ವಿಡಿಯೊ ನೋಡಲು ಕೂತಾಗ ಅದರ ಅರ್ಧ, ಏರುದಾರಿಯಲ್ಲಿ, ಅಂದರೆ ಅಪ್‌ಲೋಡ್‌ಗೆ, ಹತ್ತಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ಮಕ್ಕಳ ಪಾಠ, ವೈದ್ಯರೊಡನೆ ವಿಡಿಯೊ ಭೇಟಿ, ಸರ್ಕಾರಿ ಅರ್ಜಿಗಳು ಎಲ್ಲವೂ ನಿರಾತಂಕವಾಗಿ ಸಾಗುತ್ತವೆ. ದೂರವಾಣಿಯ ಒಂದು ಕರೆಗೆ ಬೇಕಾದದ್ದು ಹೆಚ್ಚೆಂದರೆ ನೂರು ಕಿಲೋಬಿಟ್, ಅಂದರೆ ಈ ಸಂಪರ್ಕದ ಸಾವಿರದಲ್ಲೊಂದು ಪಾಲು. ಆ ಸಣ್ಣ ಪಾಲು ಎಡೆಬಿಡದೆ ಸಿಗುವುದೇ ಕಷ್ಟ ಎಂಬುದು ವೇಗದ ಪರೀಕ್ಷೆಯಲ್ಲಿ ಕಾಣುವುದಿಲ್ಲ.

ಇದನ್ನು ನನಗೆ ತೋರಿಸಿಕೊಟ್ಟದ್ದು ಮನೆಯ ಹಿಂದಿನ ಒಂದು ಮರ. ಈ ತಟ್ಟೆ ಟಿವಿಯ ಡಿಶ್‌ನಂತೆ ಆಕಾಶದ ಒಂದೇ ಬಿಂದುವನ್ನು ನೋಡುತ್ತ ಕೂರುವುದಿಲ್ಲ. ಗಂಟೆಗೆ ಸುಮಾರು 27,000 ಕಿ.ಮೀ. ವೇಗದಲ್ಲಿ ಓಡುವ ಉಪಗ್ರಹಗಳನ್ನು ಅದರೊಳಗಿನ ನೂರಾರು ಪುಟ್ಟ ಆಂಟೆನಾಗಳು ಕದಲದೆ ಹಿಂಬಾಲಿಸುತ್ತವೆ. ಒಂದು ಉಪಗ್ರಹ ಕೆಲವೇ ನಿಮಿಷಗಳಲ್ಲಿ ನೋಟದ ವ್ಯಾಪ್ತಿಯಿಂದ ಜಾರಿದಾಗ ಇನ್ನೊಂದರ ಕೈ ಹಿಡಿಯುತ್ತವೆ. ಹಾಗಾಗಿ ಅದಕ್ಕೆ ಬೇಕಾದದ್ದು ಅಗಲವಾದ ತೆರೆದ ಆಕಾಶ, ಕಾಡಂಚಿನ ಮನೆಯಲ್ಲಿ ಸಿಗದ ವಸ್ತುವೆಂದರೆ ಅದೇ. ಮೊಬೈಲಿನ ಕ್ಯಾಮೆರಾ ಎತ್ತಿ ಆಕಾಶವನ್ನೆಲ್ಲ ಸವರಿದಾಗ ಆ್ಯಪ್ ಒಂದು ಗುಮ್ಮಟದ ಚಿತ್ರ ಬಿಡಿಸಿ, ಅಂಚಿನಲ್ಲಿ ಒಂದು ಕೊಂಬೆಯ ಜಾಗಕ್ಕೆ ಕೆಂಪು ಬಳಿದು, ಅಡಚಣೆ ಅಲ್ಪ ಎಂದು ಹೇಳಿತು. ವಿಡಿಯೊ ನೋಡುವವರಿಗೆ ಅದು ನಿಜಕ್ಕೂ ಅಲ್ಪವೇ: ಯಂತ್ರ ಮುಂದಿನ ಅರ್ಧ ನಿಮಿಷದ ಚಿತ್ರವನ್ನು ಮೊದಲೇ ತುಂಬಿಟ್ಟುಕೊಂಡಿರುವುದರಿಂದ ಎರಡು ಸೆಕೆಂಡ್ ಕಡಿದದ್ದು ಯಾರ ಅರಿವಿಗೂ ಬರುವುದಿಲ್ಲ. ಕರೆಯಲ್ಲಿ ಹಾಗೆ ಮುಂಚಿತವಾಗಿ ತುಂಬಿಡಲು ಏನೂ ಇರುವುದಿಲ್ಲ. ಮಾತ್ರೆಯ ಹೆಸರನ್ನು ವೈದ್ಯರು ಹೇಳುವ ಹೊತ್ತಿಗೇ ಆ ಎರಡು ಸೆಕೆಂಡ್ ಬಂದೊದಗಿದರೆ ಹೆಸರಿನ ತಲೆ ಕೇಳಿಸಿ ಬಾಲ ಕೇಳಿಸದೆ ಹೋಗುತ್ತದೆ. ಕೊನೆಗೆ ತಟ್ಟೆಯನ್ನು ಚಾವಣಿಯಿಂದ ಇಳಿಸಿ, ಅಂಗಳದ ಆಚೆ ಬಯಲಿನಲ್ಲಿ ಕಬ್ಬಿಣದ ಕಂಬ ನೆಟ್ಟು ಕೂರಿಸಿದ ಮೇಲೆ ಕಡಿತ ಬಹುಮಟ್ಟಿಗೆ ನಿಂತಿತು. ಕೇಬಲ್ ಉದ್ದವಾಯಿತು, ದನಕರುಗಳು ತಿಕ್ಕದಂತೆ ಬೇಲಿಯೂ ಬೇಕಾಯಿತು. ಕೊಳ್ಳುವವರು ಅಡಚಣೆಯ ಶೇಕಡಾವಾರನ್ನು ನೋಡಿ ಸಮಾಧಾನಪಡದೆ, ಒಂದು ದೀರ್ಘ ಕರೆ ಮಾಡಿ ಕಿವಿಯಿಂದಲೇ ಪರೀಕ್ಷಿಸುವುದು ಒಳ್ಳೆಯದು.

ಇನ್ನು ವಿದ್ಯುತ್ತಿನ ಮಾತು. ಈ ಸೇವೆಯ ನಿಜವಾದ ದೌರ್ಬಲ್ಯ ಅಲ್ಲಿದೆ. ಹಳೆಯ ಸ್ಥಿರ ದೂರವಾಣಿಗೆ ಮನೆಯ ಕರೆಂಟ್ ಬೇಕಿರಲಿಲ್ಲ. ವಿನಿಮಯ ಕೇಂದ್ರದ ಬ್ಯಾಟರಿಗಳಿಂದ 48 ವೋಲ್ಟ್ ಅದೇ ಜೋಡಿ ತಂತಿಯಲ್ಲಿ ಬರುತ್ತಿತ್ತು, ಊರೆಲ್ಲ ಕತ್ತಲಾದರೂ ರಿಸೀವರ್ ಎತ್ತಿದರೆ ಡಯಲ್ ಟೋನ್ ಕೇಳುತ್ತಿತ್ತು. ವಿನಿಮಯ ಕೇಂದ್ರದಿಂದ ಐದಾರು ಕಿಲೋಮೀಟರ್ ದೂರವಾದರೆ ಡಿಎಸ್ಎಲ್ ಇಂಟರ್‌ನೆಟ್ ಆ ತಂತಿಯ ಮೇಲೆ ತೆವಳುತ್ತಿತ್ತು ಅಥವಾ ಬರುತ್ತಲೇ ಇರಲಿಲ್ಲ, ಆದರೆ ಕರೆ ಹೋಗುತ್ತಿತ್ತು. ತಟ್ಟೆಯ ಕಥೆ ಇದಕ್ಕೆ ಸರಿಯಾಗಿ ತಿರುವುಮುರುವು. ತಟ್ಟೆ ಮತ್ತು ರೂಟರ್ ಸೇರಿ, ಮಾದರಿಯನ್ನು ಅವಲಂಬಿಸಿ, 50ರಿಂದ 100 ವಾಟ್ ಎಳೆಯುತ್ತವೆ; ಯಾರೂ ಬಳಸದೆ ಇದ್ದಾಗಲೂ ಹೆಚ್ಚೇನೂ ಇಳಿಯುವುದಿಲ್ಲ. 75 ವಾಟ್ ಎಂದಿಟ್ಟುಕೊಂಡರೆ ದಿನಕ್ಕೆ 1,800 ವಾಟ್-ಅವರ್. ಮನೆಯ ಇನ್ವರ್ಟರಿನ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯ ಇಡೀ ಸಾಮರ್ಥ್ಯ ಕಾಗದದ ಮೇಲೆ ಅಷ್ಟೇ, ಬ್ಯಾಟರಿಗೆ ಹಾನಿಯಾಗದಂತೆ ಬಳಸಬಹುದಾದದ್ದು ಅದರ ಅರ್ಧ. ಗಾಳಿಮಳೆಗೆ ಕಂಬ ಉರುಳಿ ಮೂರು ದಿನ ಕರೆಂಟ್ ಬಾರದ ಕಡೆ, ದೀಪ ಪಂಖ ಎಲ್ಲವನ್ನೂ ಆರಿಸಿ ಕೂತರೂ ಒಂದು ಬ್ಯಾಟರಿ ಒಂದು ರಾತ್ರಿಯನ್ನಷ್ಟೇ ದಾಟಿಸುತ್ತದೆ. ನಾವು ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ತಟ್ಟೆಗೆ ಜೀವ ಕೊಡುವ ಪದ್ಧತಿ ಮಾಡಿಕೊಂಡೆವು. ಹೊರಹೋಗುವ ಕರೆಗೆ ಇದು ನಡೆಯುತ್ತದೆ. ಹೊರಗಿನವರು ನಮ್ಮನ್ನು ಹುಡುಕಿ ಮಾಡುವ ಕರೆಗೆ ನಡೆಯುವುದಿಲ್ಲ. ಸೌರಫಲಕವೊಂದನ್ನು ಜೊತೆಗೆ ಹಾಕಿಸದೆ ಈ ಸೇವೆಯನ್ನು ದೂರವಾಣಿ ಎಂದು ಕರೆಯುವುದು ಜುಟ್ಟಿಗೆ ಮಲ್ಲಿಗೆ ಮುಡಿಸಿದಂತೆಯೇ ಸರಿ, ಹೊಟ್ಟೆಯ ಗತಿ ಹಾಗೇ ಉಳಿದಿರುತ್ತದೆ.

ಕರೆ ಮಾಡುವ ದಾರಿಗಳು ಎರಡು. ಮೊಬೈಲ್ ಕಂಪನಿಯೂ ಕೈಯಲ್ಲಿರುವ ಫೋನೂ ವೈ-ಫೈ ಕಾಲಿಂಗ್‌ಗೆ ಒಪ್ಪುವುದಾದರೆ ಅದಕ್ಕಿಂತ ಸುಲಭವಾದದ್ದಿಲ್ಲ: ಗೋಪುರವೇ ಇಲ್ಲದ ಕಡೆ ನಮ್ಮದೇ ನಂಬರಿನಿಂದ ಕರೆ ಹೋಗುತ್ತದೆ, ಬರುತ್ತದೆ. ಗುಂಡಿ ಒತ್ತುವ ಸಾದಾ ಫೋನಿಗೆ ಒಗ್ಗಿಕೊಂಡ ಹಿರಿಯರಿಗೆ ಇದು ದಕ್ಕುವುದಿಲ್ಲ. ಅವರಿಗಾಗಿ ನಾನು ರೂಟರಿಗೆ ಒಂದು ಅಡಾಪ್ಟರ್ ಜೋಡಿಸಿ, ಅದಕ್ಕೆ ಹಳೆಯ ಸ್ಥಿರ ದೂರವಾಣಿಯ ಉಪಕರಣವನ್ನೇ ಸಿಕ್ಕಿಸಿ, ಇಂಟರ್‌ನೆಟ್ ದೂರವಾಣಿಯ ಒಂದು ನಂಬರ್ ಪಡೆದೆ. ಹೊರಹೋಗುವ ಕರೆಗಳು ಮೊದಲ ದಿನದಿಂದಲೇ ಸ್ವಚ್ಛವಾಗಿದ್ದವು, ಒಳಬರುವ ಕರೆಗಳು ಮಾತ್ರ ಒಮ್ಮೆ ರಿಂಗ್ ಆಗುತ್ತಿದ್ದವು, ಇನ್ನೊಮ್ಮೆ ಇಲ್ಲ. ಈ ಸೇವೆಗಳಲ್ಲಿ ಹಲವು ಗ್ರಾಹಕರು ಒಂದೇ ಸಾರ್ವಜನಿಕ ಇಂಟರ್‌ನೆಟ್ ವಿಳಾಸವನ್ನು ಹಂಚಿಕೊಳ್ಳುವುದು ಅದರ ಕಾರಣ. ಒಳಗಿನಿಂದ ಯಾರಾದರೂ ಮಾತಾಡುತ್ತಿರುವವರೆಗೆ ಮಾತ್ರ ಹೊರಗಿನವರಿಗೆ ಬಾಗಿಲು ತೆರೆದಿರುತ್ತದೆ, ಸ್ವಲ್ಪ ಹೊತ್ತು ಸುಮ್ಮನಿದ್ದರೆ ಮುಚ್ಚಿಕೊಳ್ಳುತ್ತದೆ. ಅಡಾಪ್ಟರ್ ಅರ್ಧ ನಿಮಿಷಕ್ಕೊಮ್ಮೆ ಒಂದು ಸಣ್ಣ ಸಂದೇಶ ಕಳಿಸುವಂತೆ ಹೊಂದಿಸಿದ ಮೇಲೆ ರಿಂಗ್ ತಪ್ಪಲಿಲ್ಲ. ಇದನ್ನು ಸೇವೆಯ ಕೈಪಿಡಿಯಲ್ಲಿ ಎಲ್ಲೂ ಬರೆದಿರಲಿಲ್ಲ.

ತುರ್ತು ಕರೆಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ತಂತಿಯ ಫೋನಿನ ನಂಬರಿಗೆ ಮನೆಯ ವಿಳಾಸ ಅಂಟಿಕೊಂಡಿರುತ್ತಿತ್ತು. ಉಪಗ್ರಹದ ಸಂಪರ್ಕ ಭೂಮಿಗೆ ಇಳಿಯುವ ಗೇಟ್‌ವೇ ನೂರಾರು ಕಿಲೋಮೀಟರ್ ಆಚೆ ಇರಬಹುದು, ಮತ್ತು ಜಾಲದ ವಿಳಾಸವನ್ನು ನೋಡಿ ಊಹಿಸುವವರಿಗೆ ನಾವಿರುವುದು ಅಲ್ಲೇ ಎಂದು ಕಾಣುತ್ತದೆ. ನಂಬರ್ ಕೊಡುವ ಸಂಸ್ಥೆಯಲ್ಲಿ ನಿಜವಾದ ವಿಳಾಸವನ್ನು ದಾಖಲಿಸುವುದು, ಅದು ದಾಖಲಾಗಿದೆಯೇ ಎಂದು ಮತ್ತೆ ನೋಡುವುದು, ಮತ್ತು ಮನೆಯ ಪ್ರತಿಯೊಬ್ಬರಿಗೂ ದಾರಿ ಹೇಳುವುದನ್ನು ಕಲಿಸುವುದು ಇವಿಷ್ಟನ್ನು ತಟ್ಟೆ ಕೂರಿಸಿದ ದಿನವೇ ಮಾಡಬೇಕು.

ಮಳೆಯ ಬಗ್ಗೆ ಇದ್ದ ಹೆದರಿಕೆ ಅರ್ಧದಷ್ಟು ಮಾತ್ರ ನಿಜವಾಯಿತು. ಜಡಿಮಳೆಗೆ ಏನೂ ಆಗುವುದಿಲ್ಲ. ದಟ್ಟ ಮೋಡ ಕವಿದು ಹನಿಗಳು ದಪ್ಪವಾಗಿ ರಾಚುವಾಗ, ಈ ಸೇವೆಗಳು ಬಳಸುವ 12 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನು ನೀರು ಹೀರಿಕೊಂಡು ಕೆಲ ನಿಮಿಷ ಸಂಪರ್ಕ ಇಲ್ಲವಾಗುತ್ತದೆ. ಗುಡುಗು ಮಿಂಚಿನಲ್ಲಿ ಪ್ಲಗ್ ಕಿತ್ತಿಡುವ ಅಭ್ಯಾಸ ತಂತಿಯ ಫೋನಿನ ಕಾಲದಲ್ಲೂ ಇತ್ತು, ಈಗಲೂ ಬಿಡುವಂತಿಲ್ಲ. ಕಂಬಕ್ಕೆ ಸರಿಯಾದ ಅರ್ಥಿಂಗ್ ಕೊಡಿಸುವುದನ್ನು ಕೆಲಸಗಾರರು ತಾವಾಗಿ ಮಾಡುವುದಿಲ್ಲ, ಕೇಳಿ ಮಾಡಿಸಿಕೊಳ್ಳಬೇಕು.

ಒಂದು ಮನೆಗೆ ಸರಿಹೋದದ್ದು ಇಡೀ ಊರಿಗೆ ಸರಿಹೋದೀತೇ ಎಂಬುದರ ಬಗ್ಗೆ ನನಗೆ ಗುಮಾನಿಯಿದೆ. ಉಪಗ್ರಹದ ಒಂದು ಕಿರಣ ಬೆಳಗುವ ಪ್ರದೇಶದಲ್ಲಿರುವ ಎಲ್ಲರೂ ಒಂದೇ ಸಾಮರ್ಥ್ಯವನ್ನು ಹಂಚಿಕೊಳ್ಳುವುದರಿಂದ, ಈಗ ಚದುರಿದ ನಾಲ್ಕು ಮನೆಗಳಲ್ಲಿರುವ ತಟ್ಟೆ ನಾಳೆ ನೂರಾಗುವಾಗ ಸಂಜೆಯ ವೇಗ ಇನ್ನೂ ಕುಗ್ಗುತ್ತದೆ. ಒಂದೇ ಎಳೆಯನ್ನು ಹಲವು ಮನೆಗಳಿಗೆ ಕವಲೊಡೆಸುವ ಸಾಧಾರಣ ಜಿಪಾನ್ ಫೈಬರ್ ಜಾಲ 20 ಕಿ.ಮೀ. ದೂರದವರೆಗೆ, ದಾರಿಯ ನಡುವೆ ಎಲ್ಲೂ ಕರೆಂಟ್ ಬೇಡದೆ, 32 ಅಥವಾ 64 ಮನೆಗಳಿಗೆ ಸುಮಾರು 2.5 ಗಿಗಾಬಿಟ್ ಹಂಚುತ್ತದೆ. ಮನೆಯೊಳಗಿನ ಪೆಟ್ಟಿಗೆ ಎಳೆಯುವುದು ಹತ್ತು ಹದಿನೈದು ವಾಟ್ ಮಾತ್ರವಾದ್ದರಿಂದ ಅದೇ ಇನ್ವರ್ಟರ್ ಬ್ಯಾಟರಿ ಎರಡು ಮೂರು ದಿನ ಬಾಳುತ್ತದೆ. ದುಬಾರಿಯಾದದ್ದು ಗಾಜಿನೆಳೆಯಲ್ಲ, ಕಾಲುವೆ ತೋಡುವುದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1983ರಲ್ಲಿ ನೇಮಿಸಿದ್ದ, ಡೊನಾಲ್ಡ್ ಮೇಟ್ಲೆಂಡ್ ಅಧ್ಯಕ್ಷತೆಯ ಆಯೋಗ 1985ರ ವರದಿಯಲ್ಲಿ, ಮುಂದಿನ ಶತಮಾನದ ಆದಿಭಾಗದ ಹೊತ್ತಿಗೆ ಜಗತ್ತಿನ ಎಲ್ಲರ ಕೈಗೆಟಕುವ ದೂರದಲ್ಲಿ ಒಂದು ದೂರವಾಣಿ ಇರಬೇಕೆಂಬ ಗುರಿ ಹಾಕಿತ್ತು. 2024ರಲ್ಲಿ ಅದೇ ಒಕ್ಕೂಟದ ಅಂದಾಜಿನಂತೆ ನಗರವಾಸಿಗಳಲ್ಲಿ ಶೇ. 83 ಮಂದಿ ಇಂಟರ್‌ನೆಟ್ ಬಳಸುತ್ತಿದ್ದರೆ ಗ್ರಾಮವಾಸಿಗಳಲ್ಲಿ ಬಳಸುತ್ತಿದ್ದವರು ಶೇ. 48. ತಟ್ಟೆ ಆ ಅಂತರವನ್ನು ನಕ್ಷೆಯ ಮೇಲೆ ಬೇಗ ಅಳಿಸಿಬಿಡುತ್ತದೆ, ಏಕೆಂದರೆ ಆಕಾಶ ಕಾಣುವ ಜಾಗವೆಲ್ಲ "ಸೇವೆ ಲಭ್ಯ" ಎಂದು ಬಣ್ಣ ಬಳಿದುಕೊಳ್ಳುತ್ತದೆ. ಆಸ್ಟ್ರೇಲಿಯ 2015 ಮತ್ತು 2016ರಲ್ಲಿ ಸ್ಕೈ ಮಸ್ಟರ್ ಎಂಬ ಎರಡು ಭೂಸ್ಥಿರ ಉಪಗ್ರಹಗಳನ್ನು ದೂರದ ಹಳ್ಳಿಗಳಿಗಾಗಿಯೇ ಹಾರಿಸಿದರೂ ಆ ಮನೆಗಳ ಹಳೆಯ ಸ್ಥಿರ ದೂರವಾಣಿಯನ್ನು ಕೀಳಲಿಲ್ಲ. ಬ್ರಾಡ್‌ಬ್ಯಾಂಡ್ ಬಂದಿತೆಂದು ಫೋನು ಬಂದಿತೆಂದು ಎಣಿಸದ ಆ ಎಚ್ಚರಿಕೆ ಬೇರೆಡೆ ಅಪರೂಪ.

ಹತ್ತಿರದವರೆಗೆ ಫೈಬರ್ ಬಂದಿದ್ದು, ಇನ್ನೊಂದು ವರ್ಷದಲ್ಲಿ ಮನೆ ತಲುಪುವ ಭರವಸೆಯಿದ್ದರೆ ಈ ಸೇವೆಯನ್ನು ಕೊಳ್ಳುವ ಅಗತ್ಯವಿಲ್ಲ. ಗೋಪುರವೊಂದು ಕಣ್ಣಿಗೆ ನೇರವಾಗಿ ಕಾಣುವ ಎತ್ತರ ಹಿತ್ತಲಲ್ಲೇ ಇದ್ದರೆ, ಅಲ್ಲಿ ಒಂದು ಆಂಟೆನಾ ಏರಿಸಿ 4ಜಿ ರೂಟರ್ ಪ್ರಯತ್ನಿಸುವುದು ವಾಸಿ. ಅದರ ವಿದ್ಯುತ್ ಖರ್ಚೂ ಕಡಿಮೆ. ಎರಡೂ ಇಲ್ಲದವರು ಧೈರ್ಯವಾಗಿ ತಟ್ಟೆ ತರಿಸಬಹುದು, ಸೌರಫಲಕ ಮತ್ತು ಅಡಾಪ್ಟರಿನ ಖರ್ಚನ್ನು ಮೊದಲೇ ಅದರೊಳಗೆ ಸೇರಿಸಿ ಲೆಕ್ಕ ಹಾಕಿದರೆ. ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಒಂದು ರಾತ್ರಿ ಮೇನ್ ಸ್ವಿಚ್ ಆರಿಸಿಟ್ಟು, ಬೆಳಗಿನ ಜಾವ ಹೊರಗಿನ ಯಾರಿಂದಲಾದರೂ ಮನೆಯ ನಂಬರಿಗೆ ಕರೆ ಮಾಡಿಸಿ ನೋಡಬೇಕು. ರಿಂಗ್ ಆಗದಿದ್ದರೆ ಇನ್ನೊಂದು ಬ್ಯಾಟರಿ ಸೇರಿಸಬೇಕು, ಇಲ್ಲವೇ ಪೆಟ್ಟಿಗೆ ವಾಪಸು ಕಟ್ಟಬೇಕು.