ಮೂವತ್ತು ರೂಪಾಯಿಯ ಸಸಿಗಳು, ಒಂದು ವರ್ಷದ ಮೇಲೆ

ಕಳೆದ ಜೂನ್‌ನಲ್ಲಿ ಊರಾಚೆಯ ಒಂದು ನರ್ಸರಿಯಿಂದ ತಂದದ್ದು ಹನ್ನೊಂದು ಸಸಿ. ಇವತ್ತಿಗೆ ಉಳಿದಿರುವುದು ಎಂಟು. ಒಂದು ವರ್ಷ ಕಳೆಯಲಿ, ಆಮೇಲೆ ಬರೆಯೋಣ ಅಂತ ಸುಮ್ಮನಿದ್ದೆ. ತಂದ ದಿನ ಎಲ್ಲಾ ಗಿಡವೂ ಚೆನ್ನಾಗಿಯೇ ಕಾಣುತ್ತೆ, ಅಲ್ವಾ?

ನನ್ನ ತವರು ಪುತ್ತೂರು. ಈಗ ಇರುವುದು ಮೈಸೂರಿನ ಕುವೆಂಪುನಗರದಲ್ಲಿ. ಗೇಟಿನಿಂದ ಮೆಟ್ಟಿಲವರೆಗೆ ನಾಲ್ಕಡಿ ಅಗಲದ ಮಣ್ಣಿದೆ. ಅಲ್ಲಿ ಪ್ರತಿ ವರ್ಷ ಚೆಂಡುಹೂ ಹಾಕುವುದು, ಒಣಗಿದ ಮೇಲೆ ಕೀಳುವುದು. ಸಾಕಾಗಿತ್ತು. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಬಾಳುವ, ನಮ್ಮ ನೆಲದ್ದೇ ಆದ ಗಿಡ ಬೇಕಿತ್ತು.

ರಿಂಗ್ ರೋಡ್ ದಾಟಿದ ಮೇಲೆ ಸಿಗುವ ಈ ನರ್ಸರಿಯನ್ನು ಒಬ್ಬ ಅಕ್ಕ ನಡೆಸುತ್ತಾರೆ. ಹೆಸರು ಬರೆಯುವುದಿಲ್ಲ. ಒಂದೆರಡು ದೂರು ಇದೆ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕು ಕೂಡ. "ಊರಿನ ಗಿಡ ಕೊಡಿ ಅಕ್ಕ" ಅಂದರೆ ಮೊದಲು ತೋರಿಸಿದ್ದು ನಿತ್ಯಪುಷ್ಪ, ಆಮೇಲೆ ಸಂಜೆಮಲ್ಲಿಗೆ. "ನಮ್ಮಜ್ಜಿ ಕಾಲದಿಂದ ಇದೆ ಮೇಡಮ್" ಅಂದರು. ನಮ್ಮಜ್ಜಿಯ ಹಿತ್ತಲಲ್ಲೂ ಇತ್ತು. ಆದರೆ ನಿತ್ಯಪುಷ್ಪ ಮಡಗಾಸ್ಕರ್‌ನದು, ಸಂಜೆಮಲ್ಲಿಗೆ ಅಮೆರಿಕ ಖಂಡದ ಕಡೆಯದು. ಹಾಗಾಗಿ ಹೆಸರು ಹಿಡಿದೇ ಕೇಳಬೇಕು.

ಹೆಸರು ಹಿಡಿದು ಕೇಳಿದರೂ ಪಜೀತಿ. ಗೋರಂಟೆ ಕೇಳಿದೆ, ಕೆಲಸದ ಹುಡುಗ ಓಡಿಹೋಗಿ ಮೆಹಂದಿ ಗಿಡ ತಂದ. ಪಾಪ, ತಪ್ಪು ಅವನದಲ್ಲ. ಈ ಕಡೆ ಗೋರಂಟಿ ಅಂದರೆ ಕೈಗೆ ಹಚ್ಚುವ ಮದರಂಗಿ. ನಾವು ಗೋರಂಟೆ ಅನ್ನುವ ಹೂ ಇಲ್ಲಿಯವರಿಗೆ ಸ್ಫಟಿಕ. ಮೂರು ತಂದೆ, ಮೂರೂ ಈಗ ಸೊಂಟದೆತ್ತರ. ಮಳೆ ನಿಂತ ಮೇಲೆ ನೀಲಿ ಹೂ ಬಿಡಲು ಶುರುಮಾಡಿದ್ದು ಸಂಕ್ರಾಂತಿವರೆಗೂ ನಿಲ್ಲಲಿಲ್ಲ. ಚಿತ್ರಮೂಲ ಕೇಳುವಾಗಲೂ ಹುಷಾರು. ಮುಂದೆ ಸಾಲಾಗಿ ಇಟ್ಟಿರುವ ತಿಳಿನೀಲಿ ಹೂವಿನದು ದಕ್ಷಿಣ ಆಫ್ರಿಕಾದ್ದು. ನಮ್ಮದು ಬಿಳಿ ಹೂವಿನದು, ಹಿಂದೆ ನೆರಳುಬಲೆಯ ಮೂಲೆಯಲ್ಲಿತ್ತು.

ಕೇಪಳದಲ್ಲಿ, ಅಂದರೆ ಕೆಂಪು ಗೊಂಚಲು ಹೂವಿನ ಇಕ್ಸೋರಾದಲ್ಲಿ, ಮಾತ್ರ ನಾನೇ ಎಡವಿದೆ. ಕುಳ್ಳಗಿನ ಚೈನಾ ಜಾತಿ ಬೇಡ, ಹಣ್ಣು ಬಿಡುವ ಊರಿನದೇ ಬೇಕು ಅಂತ ಹಟ ಹಿಡಿದು ಎರಡು ತಂದೆ. ಕುಡಿ ಚಿವುಟಿ ತಂಬುಳಿ ಮಾಡುವ ಆಸೆ. ಪುತ್ತೂರಿನ ಮಳೆಯ ಕಾಲು ಭಾಗವೂ ಮೈಸೂರಿಗೆ ಬೀಳುವುದಿಲ್ಲ ಅನ್ನುವುದು ಆಗ ತಲೆಗೆ ಹೊಳೆಯಲಿಲ್ಲ. ಏಪ್ರಿಲ್ ಬಿಸಿಲಿಗೆ ಒಂದು ಹೋಯಿತು. ಇನ್ನೊಂದು ಗೋಡೆಯ ನೆರಳಲ್ಲಿ ಹೇಗೋ ಉಳಿದಿದೆ. ತಂಬುಳಿಗೆ ಇನ್ನೂ ಎರಡು ವರ್ಷ ಬೇಕು.

ಅಕ್ಕನ ಮೇಲೆ ನನಗೆ ನಂಬಿಕೆ ಬಂದದ್ದು ಗೌರಿಹೂವಿನಿಂದ. ಹಬ್ಬದ ಹೊತ್ತಿಗೆ ಎರಡೇ ಎರಡು ಹೂ ಬಿಟ್ಟಿತು, ಬೆಂಕಿಯ ನಾಲಿಗೆಯ ಹಾಗೆ. ಡಿಸೆಂಬರಿನಲ್ಲಿ ಬಳ್ಳಿ ಪೂರ್ತಿ ಒಣಗಿತು. ಸತ್ತೇಹೋಯ್ತು ಅಂತ ಫೋನ್ ಮಾಡಿದರೆ, "ಅಗೆಯಬೇಡಿ ಮೇಡಮ್, ಗೆಡ್ಡೆ ಮಲಗಿದೆ. ನೀರೂ ಹಾಕಬೇಡಿ" ಅಂದರು. ಹೋದ ವಾರದ ಮಳೆಗೆ ಹಸಿರು ಮೊಳಕೆ ಎದ್ದಿದೆ! ಆದರೆ ಈ ಗಿಡ, ಅದರಲ್ಲೂ ಗೆಡ್ಡೆ, ವಿಷ ಅನ್ನುವುದನ್ನು ಮಾರುವಾಗ ಅವರು ಹೇಳಲೇ ಇಲ್ಲ. ಮಕ್ಕಳಿರುವ ಮನೆಗೆ ಕೊಡುವಾಗ ಹೇಳಬೇಡವೇ?

ಈಶ್ವರಿ ಬಳ್ಳಿಯನ್ನು ಕಂಬಳಿಹುಳುಗಳು ಬೋಳಿಸಿಬಿಟ್ಟಿವೆ. ಕಪ್ಪು ಮೈ, ಕೆಂಪು ಮುಳ್ಳು, ನಡುವೆ ಒಂದು ಬಿಳಿ ಪಟ್ಟಿ. ಕೆಂಪು ಮೈಯ ಕಪ್ಪು ಚಿಟ್ಟೆಯ ಮರಿಗಳು. ಅದಕ್ಕೇ ನೆಟ್ಟದ್ದು, ತಿನ್ನಲಿ. ಬಳ್ಳಿ ಮತ್ತೆ ಚಿಗುರುತ್ತೆ.

ಬೆಲೆ ನೋಡಿ: ಸಣ್ಣ ಕಪ್ಪು ಚೀಲದ ಸಸಿಗೆ ಮೂವತ್ತು, ದೊಡ್ಡ ಕುಂಡದಲ್ಲಿ ಹೂಬಿಟ್ಟು ನಿಂತದ್ದಕ್ಕೆ ಇನ್ನೂರ ಎಂಬತ್ತು. ಎದುರುಮನೆಯವರು ಅದೇ ವಾರ ದೊಡ್ಡ ಸ್ಫಟಿಕ ತಂದರು. ಕುಂಡದಿಂದ ತೆಗೆದರೆ ಬೇರು ಸಿಂಬೆ ಸುತ್ತಿದಂತೆ ಸುತ್ತಿಕೊಂಡಿತ್ತು. ಬಿಡಿಸದೆ ಹಾಗೇ ನೆಟ್ಟರು. ಅದು ಇವತ್ತಿಗೂ ತಂದಾಗ ಇದ್ದಷ್ಟೇ ಇದೆ.

ಈಗ ದೂರು. ಕನಕಾಂಬರ ಮೂರು ತಂದಿದ್ದೆ. ಅಂಗಡಿಗಳಲ್ಲಿ ಜಾಸ್ತಿ ಸಿಗುವ ಡೆಲ್ಲಿ ಕನಕಾಂಬರ ಬೀಜ ಕಟ್ಟುವುದಿಲ್ಲ. ಬೀಜ ಕಟ್ಟುವುದೇ ಬೇಕು ಅಂದಾಗ ಅಕ್ಕ ಒಣಗಿದ ತೆನೆಯೊಂದನ್ನು ನೀರಿಗೆ ಹಾಕಿ ತೋರಿಸಿದರು. ಚಟ್ ಚಟ್ ಅಂತ ಬೀಜ ಸಿಡಿಯಿತು. ಆ ಸಂತೋಷದಲ್ಲಿ ಬೇರು ನೋಡುವುದನ್ನೇ ಮರೆತೆ. ಎರಡು ತಿಂಗಳಲ್ಲಿ ಎರಡು ಗಿಡ ಹಳದಿಯಾಗಿ ಸೊರಗಿದವು. ಕಿತ್ತು ನೋಡಿದರೆ ಬೇರು ತುಂಬ ಗಂಟು, ಜಂತುಹುಳದ್ದು (ಮಣ್ಣಿನಲ್ಲಿದ್ದು ಬೇರಿಗೆ ಹತ್ತುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ, ನೆಮಟೋಡ್). ಅಕ್ಕ ಒಪ್ಪಲಿಲ್ಲ. "ನಿಮ್ಮ ಮಣ್ಣಿನಲ್ಲೇ ಇದ್ದಿರಬೇಕು" ಅಂದರು. ಇದ್ದರೂ ಇರಬಹುದು. ಹಣ ವಾಪಸ್ ಇಲ್ಲ, ಬದಲಿ ಸಸಿಯೂ ಇಲ್ಲ. ಇದಕ್ಕೇ ಐದರಲ್ಲಿ ಮೂರೂವರೆ ಕೊಡುತ್ತಿದ್ದೇನೆ. ನೀವು ಹೋದರೆ ಒಂದು ಸಸಿಯ ಚೀಲ ಬಿಚ್ಚಿ ಬೇರು ತೋರಿಸಿ ಅನ್ನಿ. ಇಲ್ಲ ಅನ್ನುವವರಲ್ಲ.

ಮೂರನೆಯದನ್ನು ಉಳಿಸಿಕೊಳ್ಳಲು ಅವರೇ ಒಂದು ಉಪಾಯ ಹೇಳಿದರು: ಪಕ್ಕದಲ್ಲಿ ಚೆಂಡುಹೂ ಹಾಕಿ, ಜಂತುಹುಳ ಕಡಿಮೆಯಾಗುತ್ತೆ. ಮೆಕ್ಸಿಕೋದಿಂದ ಬಂದ, ನಾನು ಬೇಸತ್ತು ಕಿತ್ತೆಸೆದ ಅದೇ ಚೆಂಡುಹೂ. ಆರು ಸಸಿ ನೆಟ್ಟಿದ್ದೇನೆ.